ಒಂದೇ ಹಡಗು, ಬೇರೆ ಬೇರೆ ಹೊತ್ತು: ಬಾಲಿಯ ತುಲಂಬೆನ್‌ನಲ್ಲಿ ಡೈವಿಂಗ್

ಮಂಗಳವಾರ

ಬೆಂಗಳೂರಿನಿಂದ ಬಾಲಿಗೆ ನೇರ ವಿಮಾನ ಶುರುವಾದ ಮೇಲೆ ನಮ್ಮವರು ಅಲ್ಲಿಗೆ ಹೋಗುವುದು ಜಾಸ್ತಿ ಆಗಿದೆ. ಡೆನ್‌ಪಸಾರ್ ನಿಲ್ದಾಣದಲ್ಲಿ ವೀಸಾ ಸಾಲಿನಲ್ಲೇ ಕನ್ನಡ ಕಿವಿಗೆ ಬಿತ್ತು. ಆದರೆ ಹೊರಗೆ ಬಂದ ಮೇಲೆ ಹೆಚ್ಚಿನವರ ಕಾರು ಹೋಗುವುದು ಕುಟಾ, ಸೆಮಿನ್ಯಾಕ್, ಉಬುದ್ ಕಡೆಗೆ. ನಾನು ಮತ್ತು ನನ್ನ ಅಕ್ಕನ ಮಗ ಹೊರಟಿದ್ದು ದ್ವೀಪದ ಈಶಾನ್ಯ ಮೂಲೆಗೆ, ತುಲಂಬೆನ್ ಅನ್ನೋ ಸಣ್ಣ ಊರಿಗೆ. ದೂರ ಸುಮಾರು ನೂರು ಕಿಲೋಮೀಟರ್ ಅಷ್ಟೆ. ರಸ್ತೆ ನೋಡಿದರೆ ಮೂರು ಗಂಟೆ ಇಟ್ಟುಕೊಳ್ಳಬೇಕು.

ಅರ್ಧ ದಾರಿವರೆಗೂ ಬಾಲಿ ಫೋಟೋದಲ್ಲಿ ನೋಡಿದ ಹಾಗೇ ಇರುತ್ತದೆ. ಮೆಟ್ಟಿಲು ಮೆಟ್ಟಿಲಾದ ಗದ್ದೆ, ತೆಂಗು, ಬಾಳೆ, ಮನೆ ಮನೆಗೊಂದು ಗುಡಿ. ಕರಂಗಾಸೆಮ್ ಪಟ್ಟಣ ದಾಟಿ ಅಗುಂಗ್ ಪರ್ವತದ ಹಿಂಬದಿಗೆ ಬಂದಾಗ ಹಸಿರು ಕಡಿಮೆ ಆಗುತ್ತದೆ. ಒಣ ನೆಲ, ತಾಳೆ ಮರ, ರಸ್ತೆಯನ್ನು ಅಡ್ಡ ಹಾಯುವ ಕಪ್ಪು ಕಲ್ಲಿನ ಒಣ ಹೊಳೆಗಳು. ಆ ಕಲ್ಲೆಲ್ಲ ಮೇಲಿನ ಜ್ವಾಲಾಮುಖಿಯದ್ದು. ಸಮುದ್ರದ ದಡದಲ್ಲೂ ಅದೇ ಕಲ್ಲು, ಅದೇ ಕಪ್ಪು ಮರಳು. ಬೀಚ್ ಅಂದುಕೊಂಡು ಟವೆಲ್ ಹಾಸಿ ಮಲಗಲು ಬಂದವರಿಗೆ ಇಲ್ಲಿ ಏನೂ ಸಿಗುವುದಿಲ್ಲ.

ಇಲ್ಲಿಗೆ ಬರುವವರು ಬರುವುದೇ ಒಂದು ಹಡಗಿಗಾಗಿ. ದಡದಿಂದ ಬರೀ ಮೂವತ್ತು ಮೀಟರ್ ಆಚೆ, ನೀರಿನಡಿ, ಸುಮಾರು 125 ಮೀಟರ್ ಉದ್ದದ ಅಮೆರಿಕನ್ ಸರಕು ಹಡಗೊಂದು ಪಕ್ಕಕ್ಕೆ ಮಲಗಿದೆ. ಹೆಸರು ಯುಎಸ್‌ಎಟಿ ಲಿಬರ್ಟಿ. 'ಯುಎಸ್‌ಎಟಿ' ಅಂದರೆ ಅಮೆರಿಕ ಸೇನೆಯ ಸಾಗಣೆ ಹಡಗು. ಅದರ ಮೇಲಿನ ಅಂಚು ಐದು ಮೀಟರ್ ಆಳದಲ್ಲಿದೆ, ಕೆಳಗಿನದು ಮೂವತ್ತರ ಹತ್ತಿರ. ದೋಣಿ ಬೇಡ, ನಡೆದುಕೊಂಡೇ ನೀರಿಗಿಳಿಯಬಹುದು. ಡೈವಿಂಗ್ ಗೊತ್ತಿಲ್ಲದವರು ಕೂಡ ಸ್ನಾರ್ಕೆಲ್ (ಉಸಿರಾಡುವ ಕೊಳವೆ) ಹಾಕಿಕೊಂಡು ಮೇಲಿನಿಂದ ಹಡಗು ನೋಡಬಹುದು. ಇಷ್ಟು ದೊಡ್ಡ ಹಡಗು ಇಷ್ಟು ಕೈಗೆಟುಕುವ ಹಾಗೆ ಸಿಗುವುದು ಅಪರೂಪ.

ಬಹಳ ಜನ ದಕ್ಷಿಣ ಬಾಲಿಯಿಂದ ಬೆಳಿಗ್ಗೆ ಹೊರಟು, ಎರಡು ಡೈವ್ ಮುಗಿಸಿ, ಸಂಜೆಗೆ ವಾಪಸ್ ಹೋಗುತ್ತಾರೆ. ಹಾಗೆ ಮಾಡಬೇಡಿ. ಇಲ್ಲೇ ಉಳಿದು, ಅದೇ ಹಡಗಿಗೆ ಬೇರೆ ಬೇರೆ ಹೊತ್ತಿನಲ್ಲಿ ಇಳಿಯಬೇಕು. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಬುಧವಾರ

ಡೈವ್ ಅಂಗಡಿಯಿಂದ ದಡಕ್ಕೆ ಸಿಲಿಂಡರ್ ಹೊತ್ತು ತರುವವರು ಊರಿನ ಹೆಂಗಸರು. ತಲೆ ಮೇಲೊಂದು ಬಟ್ಟೆಯ ಸಿಂಬಿ, ಅದರ ಮೇಲೆ ಅಡ್ಡಡ್ಡ ಸಿಲಿಂಡರ್. ತುಂಬಿದ ಅಲ್ಯೂಮಿನಿಯಂ ಸಿಲಿಂಡರ್ ಹದಿನೈದು ಕಿಲೋ ಮೇಲೇ ತೂಗುತ್ತದೆ. ಕಾಲಿಗೆ ರಬ್ಬರ್ ಚಪ್ಪಲಿ, ಕಾಲಡಿ ಉರುಳಾಡುವ ಗುಂಡುಕಲ್ಲು. ನಾನು ಗಟ್ಟಿ ಅಡಿಯ ಬೂಟು ಹಾಕಿಕೊಂಡೂ ತಡವರಿಸುತ್ತಿದ್ದೆ, ಅವರು ಮಾತಾಡಿಕೊಂಡು ಸರಸರ ನಡೆದು ಹೋದರು. ಹೊರುವ ಕೂಲಿ ನೇರ ಊರಿನವರಿಗೆ ಹೋಗುತ್ತದೆ. ಪರದೇಶಿ ಗಿರಾಕಿಗಳು ಕೆಲವರು "ಛೇ ಪಾಪ" ಅಂತ ತಮ್ಮ ಸಿಲಿಂಡರ್ ತಾವೇ ಹೊರುತ್ತಾರೆ. ಅದರಿಂದ ಆ ಹೆಂಗಸರಿಗೆ ಕೂಲಿ ತಪ್ಪುವುದು ಬಿಟ್ಟರೆ ಏನೂ ಆಗುವುದಿಲ್ಲ.

ನಮ್ಮ ಗೈಡ್ ನಲವತ್ತರ ಆಸುಪಾಸಿನ ಊರಿನವ. ಬಾಲಿಯಲ್ಲಿ ಅಣ್ಣನಿಗೆ 'ಬ್ಲಿ' ಅನ್ನುತ್ತಾರೆ, ನಾವೂ ಹಾಗೇ ಕರೆದೆವು. ನೀರಿಗಿಳಿಯುವ ಮೊದಲು ಅವನು ತೆಂಗಿನ ಗರಿಯ ಪುಟ್ಟ ಬುಟ್ಟಿಯಲ್ಲಿ ಹೂವು, ಊದುಬತ್ತಿ ಇಟ್ಟು ಕೈ ಮುಗಿದ. ಆಮೇಲೆ ಆಳ, ಹೊತ್ತು ತೋರಿಸುವ ಕೈ ಕಂಪ್ಯೂಟರ್, ಗಾಳಿ, ಬಿಗಿಯುವ ಪಟ್ಟಿ ಎಲ್ಲ ಇಬ್ಬರದ್ದೂ ತಪಾಸಣೆ.

ಇಲ್ಲಿ ಇಳಿಯುವುದಕ್ಕೆ ಸ್ವಲ್ಪ ಉಪಾಯ ಬೇಕು. ಅಲೆ ದೊಡ್ಡದೇನಲ್ಲ, ಆದರೆ ಕಲ್ಲು ಕಾಲು ಜಾರಿಸುತ್ತದೆ. ಸೊಂಟದ ಮಟ್ಟಕ್ಕೆ ನೀರು ಬಂದ ಕೂಡಲೇ ಜಾಕೆಟ್ಟಿಗೆ ಗಾಳಿ ತುಂಬಿ ತೇಲಿಬಿಡಬೇಕು, ಕಾಲಿನ ಫಿನ್ (ಈಜುರೆಕ್ಕೆ) ಆಮೇಲೆ ಹಾಕಿಕೊಂಡರಾಯಿತು. ತೇಲಿಕೊಂಡು ಸ್ವಲ್ಪ ಮುಂದೆ ಹೋಗಿ, ಮುಳುಗಿ, ಕಿವಿ ಒತ್ತಡ ಸರಿ ಮಾಡಿಕೊಂಡು ಇಳಿಜಾರಿನ ಕಪ್ಪು ಮರಳಿನ ಮೇಲೆ ಈಜಿದರೆ ಎರಡೇ ನಿಮಿಷದಲ್ಲಿ ಎದುರಿಗೆ ದೊಡ್ಡದೊಂದು ಕಪ್ಪು ಗೋಡೆ.

ಮೊದಲ ನೋಟಕ್ಕೆ ಅದು ಹಡಗು ಅಂತ ಅನ್ನಿಸುವುದೇ ಇಲ್ಲ. ಹವಳ, ಸ್ಪಂಜು, ಕಡಲ ಬೀಸಣಿಗೆ (ಬೀಸಣಿಗೆಯಂತೆ ಹರಡಿದ ಹವಳ) ಎಲ್ಲ ಅಷ್ಟು ದಪ್ಪ ಬೆಳೆದಿವೆ. ಕಣ್ಣು ಹೊಂದಿಕೊಂಡ ಮೇಲೆ ಒಂದೊಂದೇ ಗೆರೆ ಬಿಡಿಸಿಕೊಳ್ಳುತ್ತದೆ. ಇಲ್ಲಿ ನೆಟ್ಟಗಿನ ತೊಲೆ, ಅಲ್ಲಿ ಸಮ ಅಂತರದ ಪಕ್ಕೆಲುಬು, ಅಡ್ಡ ಬಿದ್ದ ಕಂಬ. ಸರಕು ತುಂಬುವ ಕೋಣೆಗಳು ಈಗ ಬಾಯಿ ತೆರೆದುಕೊಂಡಿವೆ, ಮೇಲಿನಿಂದ ಬಿಸಿಲ ಕೋಲುಗಳು ಒಳಗೆ ಬೀಳುತ್ತವೆ. ಕಬ್ಬಿಣ ತುಕ್ಕು ಹಿಡಿದು ವರ್ಷದಿಂದ ವರ್ಷಕ್ಕೆ ಕುಸಿಯುತ್ತಿದೆ. ಹಾಗಾಗಿ ಆಚೆ ಕಡೆ ಬೆಳಕು ಕಾಣುವ ದೊಡ್ಡ ಕಿಂಡಿಗಳಲ್ಲಿ ಮಾತ್ರ ತೂರುತ್ತೇವೆ, ಕತ್ತಲೆ ಮೂಲೆಗೆ ಹೋಗುವುದಿಲ್ಲ ಅಂತ ಬ್ಲಿ ಮೇಲೇ ಹೇಳಿದ್ದ.

ಹತ್ತು ಮೀಟರ್ ಕೆಳಗೆ ಎಲ್ಲವೂ ನೀಲಿ ಬೂದು. ಕೆಂಪು ಬಣ್ಣವನ್ನು ನೀರು ಬಹಳ ಬೇಗ ನುಂಗಿಬಿಡುತ್ತದೆ. ಸಪ್ಪೆಯಾಗಿದ್ದ ಒಂದು ತೊಲೆಯ ಮೇಲೆ ಟಾರ್ಚ್ ಬಿಟ್ಟೆ. ಕುಂಕುಮ ಕೆಂಪಿನ ಸ್ಪಂಜು, ಹಳದಿ ಮೃದು ಹವಳ, ಅದರ ಬುಡದಲ್ಲಿ ಬಿಳಿ ಮೀಸೆ ಆಡಿಸುತ್ತಿದ್ದ ಕೆಂಪು ಪಟ್ಟೆಯ ಸೀಗಡಿ. ಮುರು ಮೀನೊಂದು ಬಾಯಿ ಅಗಲಿಸಿ ಅದರೆದುರು ನಿಂತಿತ್ತು. ಸೀಗಡಿ ನೇರ ಆ ಬಾಯೊಳಗೆ ಹೋಗಿ ಹಲ್ಲಿನ ಸಂದಿಯ ಕೊಳೆ ಕಿತ್ತು ತಿಂದು ಹೊರಬಂತು. ಮೀನು ಬಾಯಿ ಮುಚ್ಚಲೇ ಇಲ್ಲ. ಟಾರ್ಚ್ ತಿರುಗಿಸಿದರೆ ಮತ್ತೆ ಎಲ್ಲ ಬೂದಿ.

ಹಡಗಿನ ಪಕ್ಕದ ಮರಳಲ್ಲಿ ಗಾರ್ಡನ್ ಈಲ್ ಅನ್ನೋ ಹಾವುಮೀನು‌ಗಳಿವೆ. ಅರ್ಧ ಮೈ ಬಿಲದೊಳಗೆ, ಅರ್ಧ ಹೊರಗೆ, ನೂರಾರು ಒಟ್ಟಿಗೆ, ನಾಟಿ ಮಾಡಿದ ಸಸಿ ಗಾಳಿಗೆ ತೂಗುವ ಹಾಗೆ ತೂಗುತ್ತಿರುತ್ತವೆ. ಹತ್ತಿರ ಹೋದಷ್ಟೂ ಮುಂದಿನ ಸಾಲು ಒಳಗೆ ಜಾರುತ್ತದೆ, ಹಿಂದಿನ ಸಾಲು ಹೊರಗೇ ಇರುತ್ತದೆ. ಅಳಿಯ ಉಸಿರು ನಿಧಾನ ಮಾಡಿ ಮರಳಿಗೆ ಒರಗಿಕೊಂಡಂತೆ ಕಾದ. ಒಂದೂ ಹತ್ತಿರ ಬಿಟ್ಟುಕೊಳ್ಳಲಿಲ್ಲ.

ವಾಪಸ್ ಬರುವಾಗ ತಲೆ ಮೇಲೆ ಟ್ರೆವಲಿ ಮೀನಿನ ದೊಡ್ಡ ಗುಂಪು. ದೊಡ್ಡ ಕಣ್ಣು, ಬೆಳ್ಳಿ ಮೈ, ಸುತ್ತಿ ಸುತ್ತಿ ಬರುವುದೇ ಕೆಲಸ. ಗಡಿಬಿಡಿ ಮಾಡದಿದ್ದರೆ ಅವೇ ನಮ್ಮನ್ನು ಒಳಗೆ ಸೇರಿಸಿಕೊಂಡು ಸುತ್ತುತ್ತವೆ.

ಎರಡನೇ ಸಲ ಇಳಿದಾಗ ಹತ್ತೂವರೆ ಗಂಟೆ. ಆಗ ದಕ್ಷಿಣದಿಂದ ಬಂದ ವ್ಯಾನುಗಳೆಲ್ಲ ಖಾಲಿಯಾಗಿದ್ದವು. ಹಡಗಿನ ಸುತ್ತ ಮೀನಿಗಿಂತ ಜನರೇ ಜಾಸ್ತಿ. ಒಬ್ಬಾತ ಸೆಲ್ಫಿ ಕೋಲು ಹಿಡಿದು ಹವಳದ ಮೇಲೇ ಮಂಡಿಯೂರಿದ್ದ. ಬ್ಲಿ ಹೋಗಿ ಅವನ ಸಿಲಿಂಡರ್ ಹಿಡಿದು ಮೆಲ್ಲಗೆ ಮೇಲೆತ್ತಿ ಪಕ್ಕಕ್ಕಿಟ್ಟ. ಸಿಟ್ಟೇನೂ ತೋರಿಸಲಿಲ್ಲ. ತೇಲುವ ಹದ ಗೊತ್ತಿಲ್ಲದವರನ್ನು ಇಂಥ ಕಡೆಗೆ ಕರೆತರುವವರ ಮೇಲೆ ನನಗಂತೂ ಸಿಟ್ಟು ಬಂತು.

ಗುರುವಾರ

ಐದೂ ಕಾಲಿಗೆ ಎದ್ದು ಆರಕ್ಕೆಲ್ಲ ನೀರಲ್ಲಿದ್ದೆವು. ದಡದಲ್ಲಿ ನಾವು ಬಿಟ್ಟರೆ ಇನ್ನೊಂದೇ ಗುಂಪು. ಕೆಳಗೆ ಇನ್ನೂ ಮಬ್ಬು.

ಬಂದಿದ್ದು ಬಂಪ್‌ಹೆಡ್ ಗಿಣಿಮೀನುಗಳಿಗಾಗಿ. ರಾತ್ರಿ ಅವು ಹಡಗಿನ ಆಸರೆಯಲ್ಲಿ ಮಲಗುತ್ತವೆ, ಬೆಳಕು ಹರಿದ ಮೇಲೆ ಎದ್ದು ಮೇಯಲು ಹೊರಡುತ್ತವೆ. ಹತ್ತು ಗಂಟೆಗೆ ಬರುವವರಿಗೆ ಸಿಗುವುದು ಕಷ್ಟ. ಸರಕು ಕೋಣೆಯ ಅಂಚಿನಲ್ಲಿ ನಾವು ನಿಂತಿದ್ದಾಗ ಕತ್ತಲಿನಿಂದ ಒಂದೊಂದೇ ಹಣೆ ಹೊರಬಂತು. ಹೌದು, ಮೊದಲು ಕಾಣುವುದು ಹಣೆಯೇ. ಮುಂದಕ್ಕೆ ಉಬ್ಬಿದ, ಗಾಯದ ಗೀರುಗಳಿರುವ ತಿಳಿ ಗುಲಾಬಿ ಹಣೆ. ಅದರ ಕೆಳಗೆ ಸದಾ ತೆರೆದೇ ಇರುವ ಕೊಕ್ಕು. ಹಲ್ಲೆಲ್ಲ ಕೂಡಿ ಕೊಕ್ಕಾಗಿದೆ, ಅದರ ಮೇಲೆ ಪಾಚಿಯ ಹಸಿರು. ಒಂದೊಂದೂ ಒಂದು ಮೀಟರ್‌ಗಿಂತ ಉದ್ದ. ಈ ಜಾತಿ 1.3 ಮೀಟರ್, 46 ಕಿಲೋವರೆಗೂ ಬೆಳೆಯುತ್ತದೆ. ಗಿಣಿಮೀನುಗಳಲ್ಲೇ ಇದಕ್ಕಿಂತ ದೊಡ್ಡದಿಲ್ಲ.

ನೋಡುವುದಕ್ಕಿಂತ ಹೆಚ್ಚು ನೆನಪಿರುವುದು ಆ ಸದ್ದು. ಗುಂಪು ಹವಳಕ್ಕೆ ಬಾಯಿ ಹಾಕಿದಾಗ ನೀರೊಳಗೆ 'ಕರಂ ಕುರುಂ' ಅಂತ ಸ್ಪಷ್ಟವಾಗಿ ಕೇಳುತ್ತದೆ. ಕಲ್ಲಿನಂಥ ಹವಳವನ್ನೇ ಕಡಿದು, ಗಂಟಲಲ್ಲಿ ಅರೆದು, ತಿನ್ನುವುದು ತಿಂದು, ಉಳಿದದ್ದನ್ನು ಬಿಳಿ ಮರಳಾಗಿ ಹಿಂದಿನಿಂದ ಬಿಡುತ್ತವೆ. ಒಂದು ದೊಡ್ಡ ಮೀನು ವರ್ಷಕ್ಕೆ ಐದು ಟನ್‌ನಷ್ಟು ಹವಳ ಅರೆಯುತ್ತದೆ ಅಂತ ಲೆಕ್ಕ ಹಾಕಿದ್ದಾರೆ. ಬೇರೆ ದ್ವೀಪಗಳ ಬಿಳಿ ಮರಳಿನ ಬೀಚುಗಳಲ್ಲಿ ಹನಿಮೂನ್ ಫೋಟೋ ತೆಗೆಸಿಕೊಳ್ಳುವವರಿಗೆ ಆ ಮರಳಿನ ಬಹುಪಾಲು ಎಲ್ಲಿಂದ ಬಂತು ಅಂತ ಯಾರೂ ಹೇಳುವುದಿಲ್ಲ, ಅಲ್ವಾ! ಒಂದು ಮೀನು ನಮ್ಮ ಎದುರೇ ಬಿಳಿ ಮೋಡ ಬಿಟ್ಟು ಹೋಯಿತು. ಅಳಿಯ ನಗುತ್ತಾ ಮುಖವಾಡದೊಳಗೆ ನೀರು ತುಂಬಿಸಿಕೊಂಡ.

ತಿಂಡಿಗೆ ದಡದ ಸಣ್ಣ ಹೋಟೆಲ್, ಅಂದರೆ ವಾರುಂಗ್‌ನಲ್ಲಿ ಕೂತೆವು. ಅನ್ನ, ಹುರಿದ ತೆಂಪೆ (ಹುದುಗಿಸಿದ ಸೋಯಾ ಕಾಳಿನ ಬಿಲ್ಲೆ), ಹಸಿ ಈರುಳ್ಳಿ ನಿಂಬೆಹುಲ್ಲಿನ ಖಾರದ ಚಟ್ನಿ ಸಂಬಲ್. ಸಸ್ಯಾಹಾರಿಗಳಿಗೆ ಇಲ್ಲಿ ತೊಂದರೆ ಇಲ್ಲ, ಆದರೆ ಸಂಬಲ್‌ನಲ್ಲಿ ಸೀಗಡಿ ಪೇಸ್ಟ್ ಇರುತ್ತದೆ, ಮೊದಲೇ ಕೇಳಬೇಕು. ಎದುರಿಗೆ ಸಮುದ್ರ, ಬೆನ್ನಿಗೆ ಅಗುಂಗ್, ಮೂರು ಸಾವಿರ ಮೀಟರ್ ಮೇಲೆ. ಹಡಗಿನ ಕಥೆ ಹೇಳಲು ಈ ಎರಡೂ ಬೇಕು.

ಲಿಬರ್ಟಿ ಕಟ್ಟಿದ್ದು 1918ರಲ್ಲಿ, ನ್ಯೂಜೆರ್ಸಿಯ ಕೆರ್ನಿಯಲ್ಲಿ. ಎರಡನೇ ಮಹಾಯುದ್ಧದಲ್ಲಿ ಸಾವಿರಗಟ್ಟಲೆ ಕಟ್ಟಿದ 'ಲಿಬರ್ಟಿ ಶಿಪ್'ಗಳಲ್ಲಿ ಇದೂ ಒಂದು ಅಂತ ಕೆಲವರು ಬರೆದುಬಿಡುತ್ತಾರೆ. ಅಲ್ಲ, ಇದು ಅವಕ್ಕಿಂತ ಇಪ್ಪತ್ತು ವರ್ಷಕ್ಕೂ ಹಿರಿಯದು. ಮೊದಲ ಮಹಾಯುದ್ಧದ ಕೊನೆಗೆ ಫ್ರಾನ್ಸ್‌ಗೆ ಕುದುರೆ ಸಾಗಿಸಿದ ಹಡಗು. 1942ರ ಜನವರಿ 11ರಂದು ಆಸ್ಟ್ರೇಲಿಯಾದಿಂದ ಫಿಲಿಪ್ಪೀನ್ಸ್‌ಗೆ ರೈಲಿನ ಬಿಡಿಭಾಗ ಮತ್ತು ರಬ್ಬರ್ ಹೊತ್ತು ಹೋಗುತ್ತಿತ್ತು. ಲೊಂಬೋಕ್ ಜಲಸಂಧಿಯ ಹತ್ತಿರ ಜಪಾನಿನ ಸಬ್‌ಮರೀನ್ ಟಾರ್ಪಿಡೊ ಹೊಡೆಯಿತು. ಅಮೆರಿಕದ ಪಾಲ್ ಜೋನ್ಸ್, ಡಚ್ಚರ ವಾನ್ ಘೆಂಟ್ ಎಂಬ ಎರಡು ಯುದ್ಧನೌಕೆಗಳು ಸೇರಿ ಇದನ್ನು ಉತ್ತರ ಬಾಲಿಯ ಸಿಂಗರಾಜ ಬಂದರಿಗೆ ಎಳೆದುಕೊಂಡು ಹೊರಟವು. ಆದರೆ ನೀರು ಒಳಗೆ ಬರುವುದು ಜಾಸ್ತಿ ಆಯಿತು. ಸರಕಾದರೂ ಉಳಿಯಲಿ ಅಂತ ತುಲಂಬೆನ್ ದಡಕ್ಕೆ ಹತ್ತಿಸಿಬಿಟ್ಟರು.

ಅಲ್ಲಿಂದ ಮುಂದೆ 21 ವರ್ಷ ಹಡಗು ಈ ದಡದ ಮೇಲೇ ಇತ್ತು. ಬಳಕೆಗೆ ಬರುವುದನ್ನೆಲ್ಲ ಜನ ಬಿಚ್ಚಿಕೊಂಡು ಹೋದರು. "ನಮ್ಮ ಅಜ್ಜ ಚಿಕ್ಕವರಿದ್ದಾಗ ಇದರ ಮೇಲೆ ಹತ್ತಿ ಆಡ್ತಿದ್ದರಂತೆ" ಅಂದ ಬ್ಲಿ.

1963ರ ಫೆಬ್ರವರಿಯಲ್ಲಿ ಅಗುಂಗ್ ಎದ್ದಿತು. ಅದೇ ಸಮಯಕ್ಕೆ ಪರ್ವತದ ಮೇಲಿನ ಬೆಸಾಕಿಹ್ ದೇವಸ್ಥಾನದಲ್ಲಿ ನೂರು ವರ್ಷಕ್ಕೊಮ್ಮೆ ಮಾಡುವ ಏಕಾದಶ ರುದ್ರ ಪೂಜೆ ನಡೆಯಬೇಕಿತ್ತು. ಹೆಸರು ಕೇಳಿದರೆ ನಮ್ಮ ಊರಿನ ದೇವಸ್ಥಾನದ ಸೇವಾ ಪಟ್ಟಿ ನೆನಪಾಗುತ್ತದೆ. ಮಾರ್ಚ್ 17ರ ಸ್ಫೋಟ ಭಯಂಕರವಾಗಿತ್ತು. ಒಟ್ಟು ಸಾವಿರಕ್ಕೂ ಹೆಚ್ಚು ಜನ ಸತ್ತರು, ಈ ಬದಿಯ ಹಳ್ಳಿಗಳು ಹಾಳಾದವು. ಆ ಸಮಯದ ನಡುಕದಲ್ಲೇ ಹಡಗು ದಡದಿಂದ ಜಾರಿ, ಮಗುಚಿ, ಇಳಿಜಾರಿನಲ್ಲಿ ಈಗಿರುವ ಜಾಗಕ್ಕೆ ಹೋಗಿ ಮಲಗಿತು.

"ಮಾವ, ಅಂದ್ರೆ ಇದು ಯುದ್ಧದಲ್ಲಿ ಮುಳುಗಿದ್ದೇ ಅಲ್ಲ!" ಅಂದ ಅಳಿಯ. ಅಷ್ಟೇ ವಿಷಯ. ಜಪಾನಿನವರು ಮುರಿದರು, ಡಚ್ಚರು ಅಮೆರಿಕನ್ನರು ದಡಕ್ಕೆ ತಂದರು, ಊರಿನವರು ಬಿಚ್ಚಿದರು, ಮುಳುಗಿಸಿದ್ದು ಬೆಟ್ಟ. ಅದೇ ಬೆಟ್ಟ 2017ರಲ್ಲಿ ಮತ್ತೆ ಬೂದಿ ಉಗುಳಿದಾಗ ಸುತ್ತಲಿನ ಜನ ವಾರಗಟ್ಟಲೆ ಶಿಬಿರಗಳಲ್ಲಿ ಕಳೆದರು. ಈ ಹೆಂಗಸರ ಕೂಲಿ, ಬ್ಲಿಯ ಸಂಬಳ, ನಮ್ಮ ವಾರುಂಗ್, ಎಲ್ಲ ನಡೆಯುವುದು ಅದು ಜಾರಿಸಿದ ಹಡಗಿನಿಂದ. ಬ್ಲಿ ಪೂಜೆ ಮಾಡುವಾಗ ಯಾವ ಕಡೆ ಮುಖ ಮಾಡುತ್ತಾನೆ ಅಂತ ನಾನು ಕೇಳಲಿಲ್ಲ.

ಸಂಜೆ ಕತ್ತಲಾದ ಮೇಲೆ ಮತ್ತೆ ಇಳಿದೆವು. ಚಂದ್ರ ಇರಲಿಲ್ಲ, ಅದು ಒಳ್ಳೆಯದೇ. ಒಂದು ಕಬ್ಬಿಣದ ಮಾಡಿನ ಕೆಳಗೆ ಬ್ಲಿ ಟಾರ್ಚ್ ಆರಿಸಲು ಸನ್ನೆ ಮಾಡಿದ. ಏನೂ ಕಾಣದ ಕತ್ತಲು. ಸ್ವಲ್ಪ ಹೊತ್ತಿಗೆ ಒಳಗಡೆ ನೀಲಿ ಹಸಿರು ಚುಕ್ಕೆಗಳು ಮಿಣುಕತೊಡಗಿದವು, ಜೋಡಿ ಜೋಡಿಯಾಗಿ. ಫ್ಲ್ಯಾಶ್‌ಲೈಟ್ ಮೀನು. ಕಣ್ಣಿನ ಕೆಳಗೆ ಒಂದು ಚೀಲ, ಅದರಲ್ಲಿ ಬೆಳಕು ಕೊಡುವ ಬ್ಯಾಕ್ಟೀರಿಯಾ. ಬೆಳಕು ಆರಿಸಲು ಆಗುವುದಿಲ್ಲ, ಹಾಗಾಗಿ ಮೀನು ಅದನ್ನು ಮುಚ್ಚಿ ತೆಗೆದು ಮಾಡುತ್ತದೆ. ಟಾರ್ಚ್ ಹಾಕಿದ ಕೂಡಲೇ ಎಲ್ಲ ಮಾಯ. ಬೆಳಿಗ್ಗೆ ನೋಡಿದ ದೈತ್ಯ ಗಿಣಿಮೀನುಗಳು ಸಂದಿಗಳಲ್ಲಿ ತಲೆ ತೂರಿಸಿ ಮಲಗಿದ್ದವು. ಅವುಗಳ ಮೇಲೆ ನೇರ ಬೆಳಕು ಬಿಡಬಾರದು.

ಶುಕ್ರವಾರ

ಇವತ್ತು ಆಳದ ಕಡೆಗೆ. ಮೂವತ್ತು ಮೀಟರ್‌ನಲ್ಲಿ ಒತ್ತಡ ಮೇಲಿನದರ ನಾಲ್ಕು ಪಟ್ಟು, ಅಂದರೆ ಸಿಲಿಂಡರಿನ ಗಾಳಿಯೂ ನಾಲ್ಕು ಪಟ್ಟು ಬೇಗ ಖಾಲಿ. ದಿನವೂ ಹೀಗೆ ಮತ್ತೆ ಮತ್ತೆ ಇಳಿಯುವವರಿಗೆ ಮಾಮೂಲಿ ಗಾಳಿಗಿಂತ ನೈಟ್ರಾಕ್ಸ್ ಅನ್ನೋ ಗಾಳಿ ಮಿಶ್ರಣ ಒಳ್ಳೆಯದು. ಅದರಲ್ಲಿ ಆಕ್ಸಿಜನ್ 32 ಶೇಕಡಾ, ನೈಟ್ರೋಜನ್ ಕಡಿಮೆ. ಅದರ ಆಳದ ಮಿತಿ 33 ಮೀಟರ್ ಚಿಲ್ಲರೆ. ಹಡಗಿನ ಬುಡ ಅದರೊಳಗೇ ಬರುತ್ತದೆ.

ಕೆಳಗಿನ ಕಡಲ ಬೀಸಣಿಗೆಯೊಂದರ ಎದುರು ಬ್ಲಿ ನಿಂತು ತನ್ನ ಕಡ್ಡಿಯಿಂದ ತೋರಿಸಿದ. ನನಗೇನೂ ಕಾಣಲಿಲ್ಲ. ಗುಲಾಬಿ ಕೊಂಬೆ, ಗುಲಾಬಿ ಗಂಟುಗಳು. ಆಮೇಲೆ ಒಂದು ಗಂಟಿಗೆ ಕಣ್ಣಿತ್ತು. ಬಾರ್ಗಿಬಾಂಟ್ ಕುಬ್ಜ ಕಡಲ್ಗುದುರೆ, ಎರಡು ಸೆಂಟಿಮೀಟರ್‌ನೊಳಗೆ. ಬಾಲ ಕೊಂಬೆಗೆ ಸುತ್ತಿಕೊಂಡು, ನಮ್ಮ ಕಡೆಗೆ ಬೆನ್ನು ಹಾಕಿ ತಿರುಗುತ್ತಾ ಇತ್ತು. ಇದನ್ನು ಮನುಷ್ಯರು ಕಂಡಿದ್ದೂ ಹೀಗೇ ಅಕಸ್ಮಾತ್ತಾಗಿ. 1969ರಲ್ಲಿ ನ್ಯೂ ಕ್ಯಾಲಿಡೋನಿಯಾದ ನೂಮೇಯಾ ಅಕ್ವೇರಿಯಂಗೆ ಅಂತ ಜಾರ್ಜ್ ಬಾರ್ಗಿಬಾಂಟ್ ಇಂಥ ಬೀಸಣಿಗೆ ಕಿತ್ತು ತಂದು ಮೇಜಿನ ಮೇಲಿಟ್ಟು ಪರೀಕ್ಷೆ ಮಾಡುವಾಗ ಗಂಟೊಂದು ಅಲುಗಿತಂತೆ. ಫೋಟೋ ತೆಗೆಯುವವರು ಫ್ಲ್ಯಾಶ್ ಮೇಲೆ ಫ್ಲ್ಯಾಶ್ ಹೊಡೆದು ಇವಕ್ಕೆ ಹಿಂಸೆ ಕೊಡುತ್ತಾರೆ. ನಾವು ನೋಡಿ ಬಿಟ್ಟು ಬಂದೆವು.

ಇಷ್ಟೊಂದು ಜೀವ ಇಲ್ಲೇ ಯಾಕೆ ಅಂದರೆ, ಹವಳದ ಮರಿಗಳಿಗೆ ಅಂಟಿಕೊಳ್ಳಲು ಗಟ್ಟಿ ಜಾಗ ಬೇಕು. ಸರಿಯುವ ಮರಳಿನಲ್ಲಿ ಅದು ಸಿಗುವುದಿಲ್ಲ. ಹಾಗಾಗಿ ಬರೀ ಮರಳಿನ ಇಳಿಜಾರಿನಲ್ಲಿ ಬಿದ್ದ ಈ ಕಬ್ಬಿಣ ದೊಡ್ಡ ನೆಲೆಯಾಯಿತು. ಪೆಸಿಫಿಕ್‌ನಿಂದ ಹಿಂದೂ ಮಹಾಸಾಗರಕ್ಕೆ ಹರಿಯುವ ನೀರಿನ ಒಂದು ದಾರಿ ಪಕ್ಕದ ಲೊಂಬೋಕ್ ಜಲಸಂಧಿ. ಅದು ಆಹಾರವನ್ನೂ ಮರಿಗಳನ್ನೂ ಹೊತ್ತು ತರುತ್ತದೆ. ನಾನು ಡೈವಿಂಗ್ ಕಲಿತಿದ್ದು ಮುರ್ಡೇಶ್ವರದ ಆಚೆಯ ನೇತ್ರಾಣಿಯಲ್ಲಿ. ಅಲ್ಲಿ ಬಂಡೆಗಳಿಗೆ ಅಂಟಿಕೊಂಡ ಜೀವ ನೋಡಿ ಖುಷಿ ಪಟ್ಟವನಿಗೆ ಇಲ್ಲಿ ಯಾವ ಕಡೆ ನೋಡಬೇಕು ಅಂತಲೇ ತಿಳಿಯಲಿಲ್ಲ.

ಐದು ಮೀಟರ್‌ನಲ್ಲಿ ಮೂರು ನಿಮಿಷ ಸೇಫ್ಟಿ ಸ್ಟಾಪ್, ಅಂದರೆ ಮೇಲೆ ಬರುವ ಮೊದಲು ಸುರಕ್ಷತೆಗೆ ನಿಲ್ಲುವುದು, ಮಾಡಲೇಬೇಕು. ಬೇರೆ ಕಡೆ ಆ ಮೂರು ನಿಮಿಷ ಸುಮ್ನೆ ಹಗ್ಗ ಹಿಡಿದು ಗಡಿಯಾರ ನೋಡುವುದು. ಇಲ್ಲಿ ಹಡಗಿನ ಮೇಲಂಚಿನಲ್ಲೇ ಕಳೆಯಬಹುದು. ಕಡಲ ಹೂವಿನಲ್ಲಿ ಕ್ಲೌನ್ ಮೀನಿನ ಸಂಸಾರವೊಂದಿತ್ತು. ದೊಡ್ಡದು ಹೆಣ್ಣು, ಅದೇ ಯಜಮಾನಿ. ಅದು ಸತ್ತರೆ ಮುಂದಿನ ದೊಡ್ಡ ಗಂಡು ಹೆಣ್ಣಾಗಿ ಅಧಿಕಾರ ವಹಿಸಿಕೊಳ್ಳುತ್ತದೆ. ಅಂಗೈಯಷ್ಟೂ ಇಲ್ಲದ ಆ ಯಜಮಾನಿ ನನ್ನ ಮುಖವಾಡಕ್ಕೆ ಎರಡು ಸಲ ಗುದ್ದಿದಳು.

ಮಧ್ಯಾಹ್ನ ಹಡಗು ಬಿಟ್ಟು ಪಕ್ಕದ ಸೆರಾಯಕ್ಕೆ ಹೋದೆವು. ಬೋಳು ಮರಳು, ಆದರೆ ಹುಡುಕುವವರಿಗೆ ಹಬ್ಬ. ನಕ್ಷತ್ರಮೀನನ್ನು ಕಾಲಿನಿಂದ ತಿನ್ನುತ್ತಾ ಬರುವ ಹಾರ್ಲೆಕ್ವಿನ್ ಸೀಗಡಿ, ಮರಿಯಲ್ಲಿ ಕಪ್ಪಾಗಿದ್ದು ಬೆಳೆದಂತೆ ನೀಲಿ ಆಗುವ ರಿಬ್ಬನ್ ಈಲ್. ಚೆನ್ನಾಗಿತ್ತು. ಅಳಿಯನಿಗೆ ಮಾತ್ರ ಬೇಸರ, "ಮಾವ, ಇದೇ ಹೊತ್ತಲ್ಲಿ ಹಡಗಿಗೇ ಹೋಗಬಹುದಿತ್ತು" ಅಂತ.

ಶನಿವಾರ

ಹೆಚ್ಚು ಡೈವ್ ಮಾಡಿದ ಮೇಲೆ ವಿಮಾನ ಹತ್ತಲು ಕನಿಷ್ಠ 18 ಗಂಟೆ ಬಿಡಬೇಕು, ಇಲ್ಲದಿದ್ದರೆ ರಕ್ತದಲ್ಲಿ ಉಳಿದ ನೈಟ್ರೋಜನ್ ಗುಳ್ಳೆಯಾಗುವ ಅಪಾಯ. ಎತ್ತರದ ಘಾಟಿ ರಸ್ತೆಗೂ ಇದೇ ಮಾತು. ಅದಕ್ಕೇ ಬೆಟ್ಟದ ಮೇಲಿನ ಕಿಂತಾಮಣಿ ಬಿಟ್ಟು, ತಗ್ಗಿನಲ್ಲೇ ಇರುವ ತೀರ್ಥ ಗಂಗಾಕ್ಕೆ ಹೋದೆವು. ಕರಂಗಾಸೆಮ್ ರಾಜ 1940ರ ದಶಕದಲ್ಲಿ ಕಟ್ಟಿಸಿದ ನೀರಿನ ಅರಮನೆ. 1963ರಲ್ಲಿ ಇದೂ ಹಾಳಾಗಿ, ಮತ್ತೆ ಕಟ್ಟಿದ್ದು. ಅರ್ಧ ಗಂಟೆ ಸಾಕು, ಫೋಟೋ ತೆಗೆಯುವವರ ಗದ್ದಲ ಜಾಸ್ತಿ.

ಹೋಗುವವರಿಗೆ ಒಂದೆರಡು ಮಾತು. ಏಪ್ರಿಲ್‌ನಿಂದ ನವೆಂಬರ್‌ವರೆಗೆ ನೀರು ತಿಳಿ. ಆಗಸ್ಟ್ ಸುಮಾರಿಗೆ ನೀರು ತಣ್ಣಗಾಗುತ್ತದೆ, ಚಳಿ ತಡೆಯದವರು 5 ಮಿಲಿಮೀಟರ್ ಸೂಟ್ ಕೇಳಿ. ಹಡಗಿನ ಬಹುಪಾಲು ನೋಡಲು ಡೈವಿಂಗಿನ ಮೊದಲ ಹಂತದ ಓಪನ್ ವಾಟರ್ ಸರ್ಟಿಫಿಕೇಟ್ ಸಾಕು, 18 ಮೀಟರ್‌ವರೆಗೆ ಇಳಿಯಬಹುದು. ಬುಡಕ್ಕೆ ಅಡ್ವಾನ್ಸ್ಡ್ ಬೇಕು. ಬರೀ ಸಾಕ್ಸ್ ಥರದ ಬೂಟು ತರಬೇಡಿ, ದಪ್ಪ ಅಡಿಯದ್ದೇ ಬೇಕು. ಎರಡೇ ಡೈವ್‌ಗೆ ಟೈಮ್ ಇದ್ದರೆ ಹಿಂದಿನ ರಾತ್ರಿಯೇ ಬಂದು ಮಲಗಿ, ಒಂದನ್ನು ಬೆಳಿಗ್ಗೆ ಆರಕ್ಕೆ, ಇನ್ನೊಂದನ್ನು ವ್ಯಾನುಗಳೆಲ್ಲ ಹೊರಟುಹೋದ ಮೇಲೆ ಮಧ್ಯಾಹ್ನ ಮೂರಕ್ಕೆ ಇಟ್ಟುಕೊಳ್ಳಿ.